ಓದಿದ್ದೆಲ್ಲ ಖಾಲಿಯಾಗುತ್ತದೆ ಎಂದ ಹುಡುಗಿ

ಪರೀಕ್ಷೆಯ ಭಯ ಎಂದು ತಂದೆಯ ಜೊತೆ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವಳು ದ್ವಿತೀಯ ಪಿಯುಸಿ ಸೈನ್ಸ್ ಹುಡುಗಿ. ಊರು ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಓದುವುದು ಮೈಸೂರಿನಲ್ಲಿ, ಇರುವುದು ಹಾಸ್ಟೆಲ್‌ನಲ್ಲಿ. ಗುರುತು ಸಿಗುವ ಮಿಕ್ಕ ವಿವರಗಳನ್ನು ಬಿಟ್ಟಿದ್ದೇನೆ. ಬರೆಯಲು ಅವಳೂ ಅವಳ ತಂದೆಯೂ ಒಪ್ಪಿದ್ದಾರೆ.

ಪ್ರಿಪರೇಟರಿಯ ಫಿಸಿಕ್ಸ್ ಪೇಪರ್ ದಿನ ಕೈ ನಡುಗಿ, ಮೈ ಬೆವರಿ, ಅರ್ಧಕ್ಕೇ ಎದ್ದು ಬಂದಿದ್ದಳು. ಆಮೇಲೆ ಆ ಪುಸ್ತಕ ತೆಗೆದರೇ ಹೊಟ್ಟೆ ತೊಳಸುತ್ತಿತ್ತಂತೆ. "ಮೊದ್ಲಿಂದ್ಲೂ ಚೆನ್ನಾಗ್ ಓದೋಳು ಮೇಡಂ. ಈಗ ಏನಾಯ್ತೋ ಕಾಣೆ" ಎಂದರು ತಂದೆ. ಅವರು ಹೊರಗೆ ಹೋದ ಮೇಲೆ ಅವಳು ಬಾಯಿಬಿಟ್ಟಳು. "ಎಷ್ಟು ಓದಿದ್ರೂ ಹಾಲ್‌ನಲ್ಲಿ ಎಲ್ಲಾ ಖಾಲಿ ಮೇಡಂ. ನಂಗೆ ಫಿಸಿಕ್ಸ್ ತಲೆಗೆ ಹತ್ತಲ್ಲ."

ಬದುಕೇ ಬೇಡ ಅನ್ನಿಸಿದೆಯಾ ಎಂದು ನೇರವಾಗಿ ಕೇಳಿದೆ. ಪರೀಕ್ಷೆಯ ಭಯ ಎಂದು ಬರುವ ಎಲ್ಲ ಮಕ್ಕಳಿಗೂ ಇದನ್ನು ಕೇಳುತ್ತೇನೆ. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಎಂದು ಹೆತ್ತವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಅವಳು ಇಲ್ಲ ಎಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ. ಅದು ಉಚಿತ, ದಿನದ ಯಾವ ಹೊತ್ತಿನಲ್ಲೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಾಸ್ಟೆಲ್‌ನಲ್ಲಿ ನಡುರಾತ್ರಿ ಭಯವಾದರೆ ಯಾರಾದರೂ ಸಿಗಬೇಕು ಅಲ್ವಾ?

ಆಮೇಲೆ ಕೇಳಿದ್ದು, ಹೇಗೆ ಓದುತ್ತೀಯಾ ಎಂದು. ನೋಟ್ಸ್ ಓದುವುದು, ಗೆರೆ ಎಳೆಯುವುದು, ಮತ್ತೆ ಓದುವುದು. ರಾತ್ರಿ ಎರಡರವರೆಗೆ ರೂಮಿನ ಹುಡುಗಿಯರೆಲ್ಲ ಎದ್ದಿರುತ್ತಾರೆ. "ನಂದು ಆಪ್ಟಿಕ್ಸ್ ಎರಡು ಸಲ ಆಯ್ತು ಕಣೇ" ಎಂದು ಒಬ್ಬಳು ಅಂದರೆ ಉಳಿದವರಿಗೆ ಎದೆ ಧಸಕ್ಕೆನ್ನುತ್ತದೆ. ಪುಸ್ತಕ ಮುಚ್ಚಿಟ್ಟು ಬರೆದು ನೋಡಿದ್ದೀಯಾ ಎಂದೆ. "ಎಲ್ಲಾ ಓದಿ ಮುಗಿಸಿದ ಮೇಲೆ ಬರೆಯೋಣ ಅಂತ ಮೇಡಂ" ಎಂದಳು. ಎಲ್ಲಾ ಓದಿ ಮುಗಿಯುವ ದಿನ ಬಂದೇ ಇರಲಿಲ್ಲ. ಹೀಗಾಗಿ ಪುಸ್ತಕವಿಲ್ಲದೆ ಅವಳು ಮೊದಲ ಸಲ ಬರೆದದ್ದೇ ಪರೀಕ್ಷೆಯ ಹಾಲ್‌ನಲ್ಲಿ. ಭಯದ ಬೇರು ನನಗೆ ಕಂಡದ್ದು ಇಲ್ಲೇ.

ಒಂದು ಹಾಳೆ ಕೊಟ್ಟು, ರೆಸಿಸ್ಟೆನ್ಸ್ ಅಳೆಯುವ ಸರ್ಕ್ಯೂಟ್ ಇದೆಯಲ್ಲ, ಆ ವೀಟ್‌ಸ್ಟನ್ ಬ್ರಿಡ್ಜ್ ಬರೆ ಎಂದೆ. ಚಿತ್ರ ಚೆನ್ನಾಗಿಯೇ ಬಂತು. ಮೊದಲ ಲೂಪಿಗೆ ಕಿರ್ಚಾಫ್ ನಿಯಮ ಹಾಕಿದಳು. ಎರಡನೇ ಲೂಪಿನಲ್ಲಿ ಪ್ಲಸ್ಸೋ ಮೈನಸ್ಸೋ ಎಂದು ನಿಂತಳು. ಪೆನ್ನು ಕೆಳಗಿಟ್ಟಳು, ಮುಖ ಕೆಂಪಾಯಿತು. "ನೋಡಿ ಮೇಡಂ, ಏನೂ ಬರಲ್ಲ."

"ಬ್ರಿಡ್ಜ್ ಬ್ಯಾಲೆನ್ಸ್ ಆದಾಗ ಗ್ಯಾಲ್ವನೋಮೀಟರ್‌ನಲ್ಲಿ ಕರೆಂಟ್ ಯಾಕೆ ಹರಿಯಲ್ಲ?"

"ಎರಡೂ ಕಡೆ ಪೊಟೆನ್ಶಿಯಲ್ ಒಂದೇ ಇರುತ್ತಲ್ಲ, ಅದಕ್ಕೆ."

ಇಷ್ಟು ತಿಳಿದವಳಿಗೆ ಫಿಸಿಕ್ಸ್ ತಲೆಗೆ ಹತ್ತಲ್ಲ ಎಂದರೆ ಹೇಗೆ ಒಪ್ಪಲಿ? ಅವಳಿಗೆ ಬಾರದಿದ್ದದ್ದು ಒಂದು ಸಾಲು. ಆ ಒಂದು ಸಾಲಿಗೆ ಹೆದರಿ ಉಳಿದದ್ದನ್ನೂ ಬಿಟ್ಟುಬಿಡುತ್ತಿದ್ದಳು. ಥಿಯರಿ ಪೇಪರ್ 70 ಅಂಕದ್ದು. ಡೆರಿವೇಶನ್‌ಗೆ, ಅಂದರೆ ಸೂತ್ರವನ್ನು ಸಾಲುಸಾಲಾಗಿ ಸಾಧಿಸಿ ತೋರಿಸುವುದಕ್ಕೆ, ಹಂತ ನೋಡಿ ಅಂಕ ಕೊಡುತ್ತಾರೆ. ಚಿತ್ರ, ಸೂತ್ರ, ಅರ್ಧ ದಾರಿ ಬಂದರೂ ಸುಮ್ನೆ ಹೋಗುವುದಿಲ್ಲ. ಹಾಳೆಯಲ್ಲಿ ಅವಳಾಗಲೇ ಬರೆದದ್ದನ್ನು ಬೆರಳಿಟ್ಟು ತೋರಿಸಿದೆ.

ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆಯೂ ಹೇಳಿದೆ. ಒಂದು ಪಾಠವನ್ನು ಕೆಲವರು ಓದಿದ್ದನ್ನೇ ಓದಿದರು. ಕೆಲವರು ಓದಿದ ಮೇಲೆ ನೋಡದೆ ನೆನಪು ಮಾಡಿಕೊಂಡು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದುತ್ತಲೇ ಇದ್ದವರು ಮುಂದಿದ್ದರು. ವಾರದ ನಂತರ ಕೇಳಿದಾಗ, ನೆನಪು ಮಾಡಿಕೊಂಡು ಬರೆದಿದ್ದವರು ಮುಂದಿದ್ದರು. ಓದುವಾಗ ಬರುತ್ತದೆ ಅನ್ನಿಸುವುದು, ಹಾಲ್‌ನಲ್ಲಿ ಬಾರದಿರುವುದು ಅವಳೊಬ್ಬಳ ಕಥೆಯಲ್ಲ ಎಂದು ತಿಳಿದಾಗ ಅವಳ ಭುಜ ಸ್ವಲ್ಪ ಸಡಿಲವಾಯಿತು.

ಕೊಟ್ಟ ಸಲಹೆ ಜಾಸ್ತಿ ಏನಿಲ್ಲ. ದಿನಕ್ಕೆ ಎರಡು ಡೆರಿವೇಶನ್, ಪುಸ್ತಕ ಮುಚ್ಚಿ ಬರೆಯಬೇಕು. ಎಲ್ಲಿ ನಿಂತಿತೋ ಅಲ್ಲಿ ಕೆಂಪು ಪೆನ್ನಿನ ಗುರುತು ಹಾಕಿ, ಆಮೇಲೆ ಪುಸ್ತಕ ನೋಡಬೇಕು. ಕೆಂಪು ಗುರುತು ಬಂದರೆ ಬೇಸರ ಬೇಡ, ಅದನ್ನೇ ಹುಡುಕುತ್ತಿದ್ದೇವೆ. ಮೂರು ದಿನ ಬಿಟ್ಟು ಅದೇ ಡೆರಿವೇಶನ್ ಇನ್ನೊಮ್ಮೆ. ಗುರುತುಗಳನ್ನು ಲೆಕ್ಚರರ್ ಹತ್ತಿರ ಒಯ್ದು ಕೇಳಬೇಕು, "ಸಾರ್, ಈ ಸಾಲು ಅರ್ಥ ಆಗ್ಲಿಲ್ಲ" ಎಂದು. ವಾರಕ್ಕೊಮ್ಮೆ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆಯಬೇಕು. ರಾತ್ರಿ ಹನ್ನೊಂದಕ್ಕೆ ಮಲಗಲೇಬೇಕು. ಇದಕ್ಕೆ ಅವಳು ಒಪ್ಪಲು ತುಂಬಾ ಹೊತ್ತು ಹಿಡಿಯಿತು. ರೂಮಿನಲ್ಲಿ ಎಲ್ಲರೂ ಎದ್ದಿರುವಾಗ ತಾನೊಬ್ಬಳೇ ಮಲಗುವುದು ತಪ್ಪು ಮಾಡಿದಂತೆ ಅನ್ನಿಸುತ್ತಿತ್ತಂತೆ. ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ, ಅದೂ ಓದಿನ ಭಾಗ ಎಂದೆ. ಸಂಜೆ ಗೆಳತಿಯೊಬ್ಬಳ ಜೊತೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದು ಬಾ, ಆಗ ಪೋರ್ಶನ್ ಮಾತು ಬೇಡ ಎಂದೆ.

ಹಾಲ್‌ನಲ್ಲಿ ಮತ್ತೆ ಖಾಲಿ ಅನ್ನಿಸಿದರೆ? ಪೆನ್ನು ಕೆಳಗಿಟ್ಟು, ಪಾದ ನೆಲಕ್ಕೂರಿ, ಉಸಿರನ್ನು ನಿಧಾನವಾಗಿ ಬಿಡುವುದು. ಜಾಗ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗುವುದು. ಇದನ್ನೂ ಹಾಸ್ಟೆಲ್‌ನಲ್ಲೇ, ಹಳೆಯ ಪೇಪರ್ ಬರೆಯುವಾಗಲೇ ರೂಢಿ ಮಾಡಿಕೊಳ್ಳಬೇಕು.

ತಂದೆಯ ಜೊತೆ ಬೇರೆಯಾಗಿ ಮಾತಾಡಿದೆ. ಕಬ್ಬಿನ ದುಡ್ಡಿನಲ್ಲಿ ಫೀಸು ಕಟ್ಟಿದ್ದಾರೆ. ಎಂಜಿನಿಯರಿಂಗ್ ಸೀಟಿನ ಸಿಇಟಿ ರ್‍ಯಾಂಕಿಗೆ ಪಿಯು ಅಂಕವೂ ಅರ್ಧ ಪಾಲು ಸೇರುತ್ತದೆ, ಅವರ ಆತಂಕ ಸುಳ್ಳಲ್ಲ. ಆದರೆ ದಿನಾ ಸಂಜೆ ಫೋನಿನಲ್ಲಿ "ಎಷ್ಟು ಪಾಠ ಆಯ್ತವ್ವ?" ಎಂದು ಕೇಳಿದಾಗ ಮಗಳಿಗೆ ಲೆಕ್ಕ ಒಪ್ಪಿಸಿದಂತಾಗುತ್ತದೆ. ಊಟ ಆಯ್ತಾ, ನಿದ್ದೆ ಬಂತಾ ಎಂದು ಕೇಳಿ ಎಂದೆ. 2024ರಿಂದ ಪಿಯು ಪರೀಕ್ಷೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತಿದೆ, ಜಾಸ್ತಿ ಬಂದ ಅಂಕವೇ ಉಳಿಯುತ್ತದೆ ಎಂದಾಗ ಅವರು, "ಅಂಗಾದ್ರೆ ಇದೊಂದ್ರಲ್ಲೇ ಎಲ್ಲಾ ಮುಗ್ದೋಗಲ್ಲ ಅನ್ನಿ" ಎಂದರು. ಈ ಮಾತನ್ನು ಮಗಳಿಗೆ ನೀವೇ ಹೇಳಿ ಎಂದೆ.

ಪರೀಕ್ಷೆಗೆ ಮುಂಚೆ ಇನ್ನೊಮ್ಮೆ ಬಂದಳು. ನೋಟ್‌ಬುಕ್ಕಿನ ಮೊದಲ ಪುಟಗಳಲ್ಲಿ ಕೆಂಪು ತುಂಬಿತ್ತು, ಆಮೇಲಿನ ಪುಟಗಳಲ್ಲಿ ಕಡಿಮೆ. ಸೆಮಿಕಂಡಕ್ಟರ್ ಪಾಠ ಇನ್ನೂ ಕಷ್ಟ ಎಂದಳು. ರೂಮಿನ ಇನ್ನೊಬ್ಬ ಹುಡುಗಿಯೂ ಈಗ ಪುಸ್ತಕ ಮುಚ್ಚಿ ಬರೆಯುತ್ತಾಳಂತೆ, ಇಬ್ಬರೂ ಹಾಳೆ ಬದಲಾಯಿಸಿ ತಿದ್ದಿಕೊಳ್ಳುತ್ತಾರಂತೆ. ಫಿಸಿಕ್ಸ್ ಪೇಪರ್ ಮುಗಿದ ಸಂಜೆ ಫೋನ್ ಮಾಡಿದಳು. ಮಧ್ಯೆ ಒಮ್ಮೆ ಖಾಲಿ ಆಯಿತಂತೆ. ಜಾಗ ಬಿಟ್ಟು ಮುಂದೆ ಹೋಗಿ, ಕೊನೆಗೆ ವಾಪಸ್ ಬಂದು ಬರೆದಳಂತೆ. ಒಂದು ಲೆಕ್ಕ ಬಿಟ್ಟುಬಂದಿದ್ದಾಳೆ, ಪೂರ್ತಿ ಹೊತ್ತು ಕೂತು ಬರೆದಿದ್ದಾಳೆ.