ಮುಧೋಳ ಮರಿಗೆ ಓಟದ ಪಂದ್ಯಕ್ಕಾಗಿ ಆಮಿಷ ಬೆನ್ನಟ್ಟುವುದನ್ನು ಕಲಿಸುವುದು ಹೇಗೆ?

ನಿಮ್ಮ ಎಂಟು ತಿಂಗಳ ಮುಧೋಳ ತಳಿಯ ನಾಯಿಮರಿ ಹಗ್ಗಕ್ಕೆ ಕಟ್ಟಿದ ಚೀಲದ ಹಿಂದೆ ಸ್ವಲ್ಪ ದೂರ ಓಡಿ ನಿಂತುಬಿಡುತ್ತದೆ, ಒಮ್ಮೆ ನಿಜವಾದ ಮೊಲ ತೋರಿಸಿದರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ನಾನೂ ತುಮಕೂರು ಜಿಲ್ಲೆಯವನೇ, ಮಧುಗಿರಿ ಕಡೆಯವನು.

ಮೊಲದ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಿಡಿಯಲೋ ಕೊಲ್ಲಲೋ ಕಾಡುಪ್ರಾಣಿಯನ್ನು ಅಟ್ಟಿಸುವುದೂ ಬೇಟೆಯೇ. ಅದರ ಅಗತ್ಯವೂ ಇಲ್ಲ. ಓವನ್ ಪ್ಯಾಟ್ರಿಕ್ ಸ್ಮಿತ್ 1919ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಯಂತ್ರದ ಮೊಲ ಓಡಿಸಿ ಗ್ರೇಹೌಂಡ್ ಪಂದ್ಯ ನಡೆಸಿದಾಗಲೇ ಅದು ಗೊತ್ತಾಗಿದೆ. ಗ್ರೇಹೌಂಡ್, ಮುಧೋಳ ಎರಡೂ ಕಣ್ಣಲ್ಲಿ ನೋಡಿ ಬೆನ್ನಟ್ಟುವ ನಾಯಿಗಳು. ಮುಂದೆ ಓಡುತ್ತಿರುವುದು ಬಿಳಿ ಪ್ಲಾಸ್ಟಿಕ್ ಚೀಲವಾದರೂ ಅವಕ್ಕೆ ಸಾಕು.

ಮರಿ ನಿಲ್ಲುವುದಕ್ಕೂ ಕಾರಣ ಕಣ್ಣೇ ಇರಬೇಕು. ಚೀಲ ತೀರಾ ಮುಂದೆ ಹೋದರೆ, ಹುಲ್ಲಿನಲ್ಲಿ ಮರೆಯಾದರೆ ಆಸಕ್ತಿ ಅಲ್ಲಿಗೇ ಮುಗಿಯುತ್ತದೆ. ಎಷ್ಟು ಓಡಿದರೂ ಬಾಯಿಗೆ ಸಿಗದಿದ್ದರೂ ಅಷ್ಟೇ. ಮತ್ತೆ ಮೊದಲಿನಿಂದ ಆರಂಭಿಸಿ. ಉದ್ದ ಕೋಲಿಗೆ ಹಗ್ಗ, ಹಗ್ಗದ ತುದಿಗೆ ಚೀಲ. ಮನೆಯವರೊಬ್ಬರು ಮರಿಯ ಎದೆಗೆ ಕೈಕೊಟ್ಟು ಹಿಡಿದಿರಲಿ. ನೀವು ಚೀಲವನ್ನು ನೆಲದ ಮೇಲೆ ಎಳೆದು, ನಿಲ್ಲಿಸಿ, ಥಟ್ಟನೆ ಮತ್ತೆ ಎಳೆಯಿರಿ. ಕಿವಿ ನಿಮಿರುತ್ತದೆ, ಕತ್ತು ಮುಂದಕ್ಕೆ ಚಾಚುತ್ತದೆ, ತೊಡೆ ನಡುಗತೊಡಗುತ್ತದೆ. ಆ ನಡುಕ ಕಂಡ ಮೇಲೆಯೇ ಬಿಡಬೇಕು. ಕೊನೆಗೆ ಹಿಡಿಯಲು ಬಿಡಿ, ಕಚ್ಚಿ ಕೊಡವಲಿ. ಕಿತ್ತುಕೊಳ್ಳದೆ, ಒಂದು ತುಂಡು ಲಿವರ್ ಕೊಟ್ಟು ಬಿಡಿಸಿಕೊಳ್ಳಿ. ಎರಡು ಸಲ ಓಡಿದರೆ ಆ ದಿನಕ್ಕೆ ಮುಗಿಯಿತು; ಇನ್ನೂ ಬೇಕು ಎಂದು ಎಗರುತ್ತಿರುವಾಗಲೇ ನಿಲ್ಲಿಸಿ. ಚೀಲ ಮನೆಯಲ್ಲಿ ಆಟದ ಸಾಮಾನಾಗಿ ಬಿದ್ದಿರಬಾರದು.

ಉದ್ದದ ಓಟಕ್ಕೆ ಹಳೆಯ ಸೈಕಲ್ ಒಂದಿದ್ದರೆ ಆಯಿತು. ತಲೆಕೆಳಗು ಮಾಡಿ, ಹಿಂದಿನ ಚಕ್ರದ ಟೈರ್ ತೆಗೆದು, ಪೆಡಲನ್ನು ಕೈಯಲ್ಲಿ ತಿರುಗಿಸಿದರೆ ರಿಮ್ಮು ಚೀಲ ಕಟ್ಟಿದ ದಾರವನ್ನು ಸುತ್ತಿಕೊಳ್ಳುತ್ತದೆ. ಚೀಲ ಮರಿಗಿಂತ ನಾಲ್ಕೈದು ಮಾರು ಮುಂದಿರಲಿ. ದಾರ ಯಾವಾಗಲೂ ನೇರವಾಗಿರಬೇಕು. ಓಡುವ ನಾಯಿಯ ಕಾಲಿಗೆ ಸುತ್ತಿಕೊಂಡರೆ ಚರ್ಮವನ್ನೇ ಸೀಳುತ್ತದೆ. ರಾಗಿ ಕೊಯ್ದ ಹೊಲದ ಕೂಳೆ ಅಂಗಾಲಿಗೆ ಚುಚ್ಚುತ್ತದೆ, ಕಡಲೆಕಾಯಿ ಕಿತ್ತ ಹೊಲವೇ ಮೇಲು. ಮೊದಲು ಒಂದು ಸುತ್ತು ನಡೆದು ಕಲ್ಲು, ತಂತಿಬೇಲಿ, ಪಾಳುಬಾವಿ ಇವೆಯೇ ನೋಡಿಕೊಳ್ಳಿ. ಬಯಲು ಚೆನ್ನಾಗಿದೆ ಎಂದು ಮೈದನಹಳ್ಳಿಯ ಕಡೆ ಮಾತ್ರ ನಾಯಿ ಬಿಡಬೇಡಿ. ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ.

ಆದರೆ ಈಗಲೇ ಉದ್ದದ ಓಟ ಬೇಡ. ಮೂಳೆ ಇನ್ನೂ ಬೆಳೆಯುತ್ತಿದೆ. ಹದಿನೈದು ತಿಂಗಳಾಗುವವರೆಗೆ ಕೋಲಿನ ಆಟವೇ ಸಾಕು, ಅದರಲ್ಲೂ ಗಿರಕಿ ಹೊಡೆಸಬೇಡಿ. ಬೆಳಿಗ್ಗೆ ಬಿಸಿಲೇರುವ ಮುಂಚೆ, ಖಾಲಿ ಹೊಟ್ಟೆಯಲ್ಲಿ ಓಡಿಸಿ. ಮುಂಚೆಯೂ ಆಮೇಲೂ ಹತ್ತು ನಿಮಿಷ ನಡೆಸಿ. ಓಟದ ನಂತರ ಹಿಂಗಾಲು ಸೆಟೆದುಕೊಂಡರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮಾಂಸಖಂಡ ಹಾಳಾಗುತ್ತಿದೆ ಎಂದರ್ಥ. ಮರುದಿನಕ್ಕೆ ಕಾಯದೆ ಆಗಲೇ ಪಶುವೈದ್ಯರ ಬಳಿ ಕರೆದೊಯ್ಯಿರಿ.