ಓದುಗರ ಪ್ರಶ್ನೆ: ಅಕ್ಷರಗಳಲ್ಲಿ ಚಿತ್ರ ಬಿಡಿಸಲು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಕೀಬೋರ್ಡಿನ ಚಿಹ್ನೆಗಳನ್ನಷ್ಟೇ ಜೋಡಿಸಿ ಬಿಡಿಸುವ ಆಸ್ಕಿ ಚಿತ್ರಗಳನ್ನು ಕಂಡು ನನಗೂ ಕಲಿಯುವ ಆಸೆಯಾಗಿದೆ. ಚಿತ್ರಕಲೆಯ ಅಭ್ಯಾಸವಿಲ್ಲ. ಫೋಟೊವನ್ನು ಅಕ್ಷರಗಳಾಗಿ ಬದಲಾಯಿಸುವ ತಂತ್ರಾಂಶದಿಂದ ಆರಂಭಿಸಬಹುದೇ? ಕೈಯಾರೆ ಮಾಡಿದ ಒಂದು ಚಿತ್ರ ನನ್ನ ಪರದೆಯಲ್ಲಿ ಸರಿಯಾಗಿದ್ದರೂ ಗೆಳೆಯರಿಗೆ ಕಳುಹಿಸಿದಾಗ ಚೆಲ್ಲಾಪಿಲ್ಲಿಯಾಯಿತು. ಏಕೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಈ ಕಲೆಯ ತಳಹದಿಯೇ ಅದರಲ್ಲಿದೆ. ಸಾಮಾನ್ಯ ಫಾಂಟುಗಳಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಅಗಲವಿರುತ್ತದೆ. ಹೀಗಾಗಿ ಒಂದು ಫಾಂಟಿನಲ್ಲಿ ನೇರವಾಗಿ ನಿಂತ ಗೋಡೆ ಇನ್ನೊಂದರಲ್ಲಿ ವಾಲುತ್ತದೆ. ಆಸ್ಕಿ ಚಿತ್ರಕ್ಕೆ ಬೇಕಾದದ್ದು ಎಲ್ಲ ಅಕ್ಷರಗಳಿಗೂ ಸಮಾನ ಅಗಲ ಕೊಡುವ ಮಾನೋಸ್ಪೇಸ್ ಫಾಂಟು. ಕೊರಿಯರ್ ನ್ಯೂ, ಕನ್ಸೋಲಾಸ್, ಡೆಜಾವು ಸಾನ್ಸ್ ಮೋನೊ ಇವುಗಳಲ್ಲಿ ಯಾವುದಾದರೂ ಸರಿ, ನೋಡುವವರ ಬಳಿಯೂ ಅಂಥದೇ ಫಾಂಟು ಇರಬೇಕು. ಬರೆಯಲು ಸರಳವಾದ ಟೆಕ್ಸ್ಟ್ ಎಡಿಟರ್ ಸಾಕು. ಟ್ಯಾಬ್ ಕೀಲಿಯನ್ನು ಮುಟ್ಟದೆ ಸ್ಪೇಸ್ ಮಾತ್ರ ಬಳಸಿ. ನೇರ ಉದ್ಧರಣ ಚಿಹ್ನೆಗಳನ್ನು ತಾನಾಗಿಯೇ ಬಾಗಿದವಾಗಿ ತಿದ್ದುವ ಸೌಲಭ್ಯವಿದ್ದರೆ ಅದನ್ನು ನಿಲ್ಲಿಸಿ.

ಫೋಟೊ ಪರಿವರ್ತನೆಗೂ ತನ್ನದೇ ಗೌರವದ ಚರಿತ್ರೆಯಿದೆ. 1966ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ನೋಲ್ಟನ್ ಮತ್ತು ಲಿಯಾನ್ ಹಾರ್ಮನ್ ಒಂದು ಛಾಯಾಚಿತ್ರವನ್ನು ಸ್ಕ್ಯಾನ್ ಮಾಡಿ, ಅದರ ಬೆಳಕು ನೆರಳುಗಳನ್ನು ಸಣ್ಣ ಸಂಕೇತಗಳಿಂದ ಮತ್ತೆ ಕಟ್ಟಿ ತೋರಿಸಿದ್ದರು. ಆದರೆ ಕಲಿಯುವವರಿಗೆ ನಾನು ಆ ದಾರಿಯನ್ನು ಹೇಳುವುದಿಲ್ಲ. ತಂತ್ರಾಂಶ ಅಳೆಯುವುದು ಬಹುಮಟ್ಟಿಗೆ ಪ್ರತಿ ಚೌಕದ ಕಪ್ಪು ಬಿಳುಪನ್ನು ಮಾತ್ರ; ಚಿಹ್ನೆಯ ಆಕಾರವನ್ನು ನೋಡಿ ಆರಿಸುವ ಕಣ್ಣು ನಿಮ್ಮಲ್ಲಿ ಬೆಳೆಯಬೇಕಾದರೆ ಕೈಯಿಂದಲೇ ಬಿಡಿಸಬೇಕು. ಚಿತ್ರಕಲೆ ಬಾರದಿದ್ದರೂ ಇದು ಸಾಧ್ಯ.

ಆಸ್ಕಿ ಎಂಬುದು 1963ರಲ್ಲಿ ಮೊದಲು ಪ್ರಕಟವಾಗಿ ಮುಂದೆ ಪರಿಷ್ಕೃತಗೊಂಡ ಸಂಕೇತ ವ್ಯವಸ್ಥೆ. ಅದರ 128 ಸಂಕೇತಗಳಲ್ಲಿ ಖಾಲಿ ಜಾಗವೂ ಸೇರಿದಂತೆ 95 ಮಾತ್ರ ಪರದೆಯ ಮೇಲೆ ಮೂಡುವಂಥವು. ಆ 95ನ್ನೂ ಒಟ್ಟಿಗೆ ಕಲಿಯಹೊರಡಬೇಡಿ. ನಾಲ್ಕೇ ಚಿಹ್ನೆಗಳಿಂದ ಒಂದು ಮನೆ ಕಟ್ಟಿ ನೋಡಿ:

```
   /\
  /  \
 /____\
 |    |
 |____|
```

ಇಲ್ಲಿ ಅಡಿಗೆರೆ (_) ತನ್ನ ಚೌಕದ, ಅಂದರೆ ಒಂದು ಅಕ್ಷರಕ್ಕೆ ಸಿಗುವ ಜಾಗದ, ತಳಕ್ಕೆ ಅಂಟಿಕೊಂಡಿರುವುದರಿಂದಲೇ ಛಾವಣಿಯ ಅಂಚು ಗೋಡೆಯ ತಲೆಗೆ ಕೂಡಿಕೊಳ್ಳುತ್ತದೆ. ಅದರ ಬದಲು ಸಾಮಾನ್ಯ ಅಡ್ಡಗೆರೆ ಹಾಕಿದರೆ ನಡುವೆ ಸಂದು ಬೀಳುತ್ತದೆ. ಪ್ರತಿ ಚಿಹ್ನೆಯೂ ತನ್ನ ಚೌಕದಲ್ಲಿ ಎಲ್ಲಿ ಕುಳಿತಿದೆ ಎಂಬುದನ್ನು ಗಮನಿಸುವುದೇ ಈ ಕಲೆಯ ಮೊದಲ ಪಾಠ, ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದ ಪಾಠವೂ ಅದೇ. ಅಡಿಗೆರೆ ತಳದಲ್ಲಿ, ಚುಕ್ಕಿ ಅದಕ್ಕಿಂತ ತುಸು ಮೇಲೆ, ಅಡ್ಡಗೆರೆ ನಡುವಿನಲ್ಲಿ, ಒಂಟಿ ಉದ್ಧರಣ ಚಿಹ್ನೆ ತುದಿಯಲ್ಲಿ ಇರುತ್ತವೆ. ಈ ನಾಲ್ಕನ್ನು ಕ್ರಮವಾಗಿ ಇಟ್ಟರೆ, ಓರೆಗೆರೆಯಿಂದ ಎಂದೂ ಸಿಗದ ಮೆಲ್ಲನೆಯ ಏರು ಒಂದೇ ಸಾಲಿನಲ್ಲಿ ಮೂಡುತ್ತದೆ; ಹಿಮ್ಮುಖವಾಗಿ ಇಟ್ಟರೆ ಇಳಿಜಾರು. ಎರಡನ್ನೂ ಕೂಡಿಸಿದಾಗ ಗುಡ್ಡ:

```
 _.-'-._
```

ಹಕ್ಕಿಯ ಬೆನ್ನು, ಕೆನ್ನೆಯ ತಿರುವು, ಅಲೆಯ ಬಾಗು ಎಲ್ಲವೂ ಈ ಒಂದು ಉಪಾಯದಿಂದ ಹುಟ್ಟುತ್ತವೆ.

ಇನ್ನು ಪ್ರಮಾಣದ ಮಾತು. ಅಕ್ಷರದ ಚೌಕ ಎಂದೆನಾದರೂ ಅದು ನಿಜಕ್ಕೂ ಚೌಕವಲ್ಲ. ಅದರ ಎತ್ತರ ಅಗಲದ ಸುಮಾರು ಎರಡರಷ್ಟಿರುತ್ತದೆ. ಆದ್ದರಿಂದ 10 ಸಾಲು ಎತ್ತರದ ವೃತ್ತಕ್ಕೆ ಸುಮಾರು 20 ಅಕ್ಷರಗಳ ಅಗಲ ಬೇಕು. ಕಾಗದದ ಮೇಲೆ ಮೊದಲು ಕರಡು ಹಾಕುವವರು ಇದನ್ನು ಮರೆತರೆ ದುಂಡಗಿನ ಮುಖ ನೀಳವಾಗಿ ಬರುತ್ತದೆ.

ಗೆರೆಯಲ್ಲಿ ಕೈ ಕುದುರಿದ ಮೇಲೆ ನೆರಳಿಗೆ ಬನ್ನಿ. ಬಿಳಿ ಹಿನ್ನೆಲೆಯಲ್ಲಿ # ಮತ್ತು @ ದಟ್ಟವಾಗಿಯೂ, + ಮತ್ತು : ಮಧ್ಯಮವಾಗಿಯೂ, ಚುಕ್ಕಿ ತೀರ ತೆಳುವಾಗಿಯೂ ಕಾಣುತ್ತವೆ, ಕಪ್ಪು ಪರದೆಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಕಣ್ಣನ್ನು ಅರೆಮುಚ್ಚಿ ದೂರದಿಂದ ನೋಡಿದರೆ ಎಲ್ಲಿ ನೆರಳು ಒಡೆದಿದೆಯೆಂದು ಗೊತ್ತಾಗುತ್ತದೆ.

ಇತರರ ಚಿತ್ರಗಳನ್ನು ನೋಡಿಕೊಂಡು ಸಾಲುಸಾಲಾಗಿ ಮತ್ತೆ ಟೈಪ್ ಮಾಡುವುದು ಒಳ್ಳೆಯ ಅಭ್ಯಾಸ. ಆದರೆ ಚಿತ್ರದ ಮೂಲೆಯಲ್ಲಿರುವ ಎರಡು ಮೂರು ಅಕ್ಷರಗಳು ಕಲಾವಿದರ ಸಹಿಯಾಗಿರುತ್ತವೆ. ಆ ಚಿತ್ರವನ್ನು ಬೇರೆಯವರಿಗೆ ತೋರಿಸುವಾಗ ದಯವಿಟ್ಟು ಅವನ್ನು ಅಳಿಸಬೇಡಿ.

ಪ್ರಶ್ನೆ: ಕನ್ನಡ ಅಕ್ಷರಗಳಿಂದ ಇಂಥ ಚಿತ್ರ ಬಿಡಿಸಬಹುದೇ?

ಉತ್ತರ: ಬಿಡಿಸಬಹುದು, ಆದರೆ ಕಷ್ಟ ಹೆಚ್ಚು. ಆಸ್ಕಿಯಲ್ಲಿ ಒಂದು ಸಂಕೇತಕ್ಕೆ ಒಂದು ಚೌಕ. ನಮ್ಮಲ್ಲಿ 'ಸ್ತ್ರೀ' ಎಂಬ ಒಂದಕ್ಷರ ಯೂನಿಕೋಡಿನ ಆರು ಸಂಕೇತಗಳಿಂದ ಆಗುತ್ತದೆ. ಒತ್ತಕ್ಷರ ಕೆಳಗಿಳಿಯುತ್ತದೆ, ದೀರ್ಘ ಬಲಕ್ಕೆ ಚಾಚುತ್ತದೆ, ಹೀಗಾಗಿ ಕಂಬಸಾಲು ಹೊಂದುವುದಿಲ್ಲ. ಜಪಾನಿನ ಕಲಾವಿದರು ಎಂಎಸ್ ಪಿ ಗೋಥಿಕ್ ಎಂಬ ಅಸಮ ಅಗಲದ ಫಾಂಟಿನಲ್ಲೇ ಅಗಲ ಮತ್ತು ಕಿರಿದಾದ ಖಾಲಿ ಜಾಗಗಳನ್ನು ಹೊಂದಿಸಿ ಸೊಗಸಾದ ಚಿತ್ರಗಳನ್ನು ಮಾಡಿದ್ದಾರೆ. ನೋಡುವವರೆಲ್ಲರ ಬಳಿ ಒಂದೇ ಫಾಂಟು ಇದ್ದರೆ ಆ ಹಾದಿ ನಮಗೂ ತೆರೆದಿದೆ. ಒತ್ತು, ಗುಣಿತಗಳಿಲ್ಲದ ಬಿಡಿ ಅಕ್ಷರಗಳಿಂದ ಆರಂಭಿಸುವುದು ಲೇಸು. ನಮ್ಮ ಠಕಾರವಂತೂ ಎರಡು ಕಣ್ಣುಗಳಾಗಿ, ಅಸಮಾಧಾನದಿಂದ ದಿಟ್ಟಿಸುವ ಮುಖವಾಗಿ, ಕನ್ನಡ ಬಾರದವರ ಸಂದೇಶಗಳಲ್ಲೂ ಓಡಾಡಿದೆ: ಠ_ಠ

ಪ್ರಶ್ನೆ: ಬಣ್ಣದ ಅಕ್ಷರಚಿತ್ರಗಳನ್ನು ಯಾವುದರಲ್ಲಿ ಮಾಡುತ್ತಾರೆ?

ಉತ್ತರ: ಅವನ್ನು ಆನ್ಸಿ ಚಿತ್ರಗಳೆನ್ನುತ್ತಾರೆ. 1981ರ ಐಬಿಎಂ ಪರ್ಸನಲ್ ಕಂಪ್ಯೂಟರಿನ ಅಕ್ಷರಪಟ್ಟಿಯಲ್ಲಿ ░ ▒ ▓ █ ಮುಂತಾದ ತುಂಬು ಚಿಹ್ನೆಗಳಿದ್ದವು. ಅವುಗಳಿಗೆ 16 ಬಣ್ಣಗಳು ಸೇರಿ ಈ ಶೈಲಿ ಬೆಳೆಯಿತು. ಅರ್ಧ ತುಂಬಿದ ▀ ಮತ್ತು ▄ ಚಿಹ್ನೆಗಳಿಂದ ಒಂದೇ ಚೌಕದಲ್ಲಿ ಎರಡು ಬಣ್ಣ ಕೂರಿಸಬಹುದಾದ್ದರಿಂದ, 80 ಅಕ್ಷರ ಅಗಲ ಮತ್ತು 25 ಸಾಲುಗಳ ಪರದೆ 50 ಸಾಲುಗಳಷ್ಟು ಸೂಕ್ಷ್ಮವಾಗುತ್ತದೆ. ಪ್ಯಾಬ್ಲೋಡ್ರಾ ಮತ್ತು ಮೋಬಿಯಸ್ ಎಂಬ ತಂತ್ರಾಂಶಗಳು ಇದಕ್ಕೆಂದೇ ಇವೆ. ಈ ಕಡತಗಳನ್ನು ಸಾಮಾನ್ಯ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳು ಕಾಣಿಸುತ್ತವೆ. ಆದ್ದರಿಂದ ಇತರರಿಗೆ ಕಳುಹಿಸುವಾಗ ಜೊತೆಗೆ ಒಂದು ಪಿಎನ್‌ಜಿ ಪ್ರತಿಯನ್ನೂ ಕಳುಹಿಸಿ.