ಕಿಡ್ನಿ ಕಸಿಯಾದವರ ಕಾಲಿನಲ್ಲಿ ನೋಯದ ಗಂಟು: ಬಯಾಪ್ಸಿ ಏಕೆ ಬೇಕು?

ತೀರ್ಥಹಳ್ಳಿ ಕಡೆಯ ನಿಮ್ಮ ತಂದೆಯವರಿಗೆ ಮೂತ್ರಪಿಂಡ ಕಸಿಯಾಗಿದೆ, ಕಣಕಾಲಿನ ಬಳಿ ನೋವಿಲ್ಲದ ಗಂಟೊಂದು ಎರಡು ತಿಂಗಳಿಂದ ಬೆಳೆಯುತ್ತಿದೆ, ಆಂಟಿಬಯೋಟಿಕ್‌ಗೆ ಬಗ್ಗಿಲ್ಲ, ಜ್ವರವೂ ಇಲ್ಲ. ಕೊಬ್ಬಿನ ಗಂಟೆಂದು ಸುಮ್ಮನಿರಬಹುದೇ ಎಂದು ಕೇಳಿದ್ದೀರಿ. ಶಿವಮೊಗ್ಗದಲ್ಲಿ ಚರ್ಮರೋಗಗಳಿಗೆ ಚಿಕಿತ್ಸೆ ನೀಡುವ ವೈದ್ಯನಾಗಿ ಹೇಳುತ್ತೇನೆ, ದಯವಿಟ್ಟು ಸುಮ್ಮನಿರಬೇಡಿ.

ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್‌ಗಳು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವುದರಿಂದ, ನೋವು, ಕೆಂಪು, ಜ್ವರದಂಥ ಎಚ್ಚರಿಕೆಯ ಲಕ್ಷಣಗಳೂ ಮಂಕಾಗುತ್ತವೆ. ಮಣ್ಣಿನಲ್ಲಿ, ಕೊಳೆತ ಸೊಪ್ಪುಸದೆಯಲ್ಲಿ, ಮರದಲ್ಲಿ ಇರುವ ಕಪ್ಪು ಶಿಲೀಂಧ್ರಗಳು ಮುಳ್ಳೋ ಅಡಿಕೆ ದಬ್ಬೆಯ ಸಿಬಿರೋ ಚುಚ್ಚಿದ ಜಾಗದಿಂದ ಒಳಸೇರಿ, ತಿಂಗಳುಗಟ್ಟಲೆ ನಿಧಾನವಾಗಿ ಇಂಥ ಗಂಟು ಕಟ್ಟಬಲ್ಲವು. ಫಿಯೋಹೈಫೋಮೈಕೋಸಿಸ್ ಎಂಬ ಈ ಸೋಂಕಿನಲ್ಲಿ ಗಂಟನ್ನು ಕೊಯ್ದಾಗ ಒಳಗೆ ಆ ಸಿಬಿರಿನ ಚೂರೇ ಸಿಗುವುದೂ ಉಂಟು. ಚುಚ್ಚಿದ್ದು ನಿಮ್ಮ ತಂದೆಯವರಿಗೆ ನೆನಪಿರಲೇಬೇಕೆಂದಿಲ್ಲ, ಮಳೆಗಾಲದಲ್ಲಿ ತೋಟ ತಿರುಗುವ ನಮ್ಮವರು ಅದನ್ನೆಲ್ಲ ಲೆಕ್ಕಕ್ಕೇ ಇಡುವುದಿಲ್ಲ. ಸ್ಪೋರೋಟ್ರೈಕೋಸಿಸ್, ಕ್ರಿಪ್ಟೊಕಾಕಸ್ ಎಂಬ ಬೇರೆ ಶಿಲೀಂಧ್ರ ಸೋಂಕುಗಳೂ, ನೊಕಾರ್ಡಿಯಾ ಎಂಬ ಬ್ಯಾಕ್ಟೀರಿಯಾವೂ, ಕ್ಷಯದ ಬಳಗದ ಮೈಕೋಬ್ಯಾಕ್ಟೀರಿಯಾಗಳೂ ಹೀಗೆಯೇ ಕಾಣಿಸಿಕೊಳ್ಳಬಲ್ಲವು; ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಅನುಭವಸ್ಥರಿಗೂ ಕಷ್ಟ.

ಆದ್ದರಿಂದ ಬಯಾಪ್ಸಿ, ಅಂದರೆ ಗಂಟಿನ ತುಣುಕು ತೆಗೆದು ಪರೀಕ್ಷಿಸುವುದು, ಆಗಲೇಬೇಕು. ತೆಗೆದ ತುಣುಕನ್ನು ಎರಡು ಭಾಗ ಮಾಡಿ, ಒಂದನ್ನು ಫಾರ್ಮಲಿನ್‌ನಲ್ಲಿ ಸೂಕ್ಷ್ಮದರ್ಶಕದ ಪರೀಕ್ಷೆಗೂ ಇನ್ನೊಂದನ್ನು ಶುದ್ಧ ಸಲೈನ್‌ನಲ್ಲಿ ಕಲ್ಚರ್‌ಗೂ (ಸೂಕ್ಷ್ಮಜೀವಿಯನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಕಳಿಸುವಂತೆ ಮೊದಲೇ ಕೇಳಿಕೊಳ್ಳಿ. ಫಾರ್ಮಲಿನ್ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಇಡೀ ತುಣುಕು ಅದಕ್ಕೇ ಹೋದರೆ ಕಲ್ಚರ್‌ನ ಅವಕಾಶ ಕೈತಪ್ಪಿ, ಮತ್ತೆ ಕೊಯ್ಯಬೇಕಾಗುತ್ತದೆ. ಕಸಿಯಾದ ರೋಗಿ ಎಂಬುದನ್ನೂ, ಶಿಲೀಂಧ್ರ ಮತ್ತು ಮೈಕೋಬ್ಯಾಕ್ಟೀರಿಯಾ ಎರಡನ್ನೂ ಹುಡುಕಬೇಕೆಂಬುದನ್ನೂ ಪ್ರಯೋಗಾಲಯದ ಚೀಟಿಯಲ್ಲಿ ಬರೆಸಿ. ಶಿಲೀಂಧ್ರದ ಕಲ್ಚರ್‌ಗೆ 4 ವಾರ, ಮೈಕೋಬ್ಯಾಕ್ಟೀರಿಯಾಕ್ಕೆ 6ರಿಂದ 8 ವಾರ ಹಿಡಿಯಬಹುದು.

ಅಷ್ಟರಲ್ಲಿ ಔಷಧದಂಗಡಿಯಿಂದ ಇಟ್ರಾಕೊನಜೋಲ್ ಎಂಬ ಶಿಲೀಂಧ್ರನಾಶಕ ಔಷಧ ತಂದು ಕೊಡಬೇಡಿ. ಅದು ಟ್ಯಾಕ್ರೋಲಿಮಸ್ ದೇಹದಿಂದ ಹೊರಹೋಗುವುದನ್ನು ತಡೆದು, ರಕ್ತದಲ್ಲಿ ಅದರ ಮಟ್ಟವನ್ನು ಕಸಿಯಾದ ಮೂತ್ರಪಿಂಡಕ್ಕೇ ಹಾನಿಯಾಗುವಷ್ಟು ಏರಿಸಬಲ್ಲದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದಕ್ಕೆ ವಿರುದ್ಧವಾಗಿ ಮಟ್ಟವನ್ನು ಇಳಿಸಿ ತಿರಸ್ಕಾರಕ್ಕೆ ದಾರಿ ಮಾಡುತ್ತದೆ. ಈ ಔಷಧಗಳು ಬೇಕಾದಾಗ ಕಸಿಯ ವೈದ್ಯರು ರಕ್ತದ ಮಟ್ಟ ನೋಡುತ್ತಾ ಪ್ರಮಾಣವನ್ನು ಬದಲಿಸುತ್ತಾರೆ. ಸೋಂಕಿಗೆ ಹೆದರಿ ಕಸಿಯ ಮಾತ್ರೆಗಳನ್ನು ನೀವಾಗಿ ನಿಲ್ಲಿಸುವುದೂ ಅಷ್ಟೇ ಅಪಾಯ.

ಶಿಲೀಂಧ್ರದ ಒಂಟಿ ಗಂಟಾದರೆ ಅದನ್ನು ಪೂರ್ತಿಯಾಗಿ ಕೊಯ್ದು ತೆಗೆದು, ಅಗತ್ಯಕ್ಕೆ ತಕ್ಕಂತೆ ಕೆಲವು ತಿಂಗಳು ಮಾತ್ರೆ ಕೊಟ್ಟಾಗ ಹೆಚ್ಚಿನವರು ಗುಣವಾಗುತ್ತಾರೆ. ಆದರೆ ಇನ್ನೊಂದು ಗಂಟು ಎದ್ದರೆ, ಅಥವಾ ಜ್ವರ, ಬಿಡದ ತಲೆನೋವು, ಕೆಮ್ಮು ಜೊತೆಗೂಡಿದರೆ, ವರದಿಗೆ ಕಾಯದೆ ಅದೇ ದಿನ ಕಸಿಯ ವೈದ್ಯರ ಬಳಿಗೆ ಕರೆದೊಯ್ಯಿರಿ.